ವಿದ್ಯಾರ್ಥಿಗಳ ಕೈಯಲ್ಲಿ ವಿಶ್ವಕೋಶ

ಪದವಿ ತರಗತಿಗಳಲ್ಲಿ ಓದುವ ಮಕ್ಕಳಿರುವ ಮನೆಗಳಲ್ಲಿ ‘ಅಸೈನ್‌ಮೆಂಟ್’ ಎಂಬ ಶಬ್ದವು ಈಗ ಅಜ್ಜ-ಅಜ್ಜಿಯರಿಗೂ ಪರಿಚಿತವಾಗಿದೆ. ಅಧ್ಯಾಪಕರು ಒಂದು ವಿಷಯವನ್ನು ಕೊಡುತ್ತಾರೆ; ವಿದ್ಯಾರ್ಥಿಯು ಹತ್ತೋ ಹದಿನೈದೋ ಹಾಳೆಗಳನ್ನು ತುಂಬಿಸಿ, ಬಣ್ಣದ ಹೊದಿಕೆ ಹಾಕಿ ಒಪ್ಪಿಸುತ್ತಾನೆ; ಅಧ್ಯಾಪಕರು ಕೆಂಪು ಶಾಯಿಯಲ್ಲಿ ಸಹಿ ಮಾಡಿ ಅಂಕ ಕೊಡುತ್ತಾರೆ. ಅಲ್ಲಿಗೆ ಆ ಬರವಣಿಗೆಯ ಆಯುಷ್ಯ ಮುಗಿಯಿತು. ವರ್ಷದ ಕೊನೆಯಲ್ಲಿ ಕಾಲೇಜಿನ ಕೋಣೆಯೊಂದರಲ್ಲಿ ರಾಶಿ ಬಿದ್ದ ಆ ಕಟ್ಟುಗಳು ರದ್ದಿಯವನ ತಕ್ಕಡಿಗೆ ಹೋಗುತ್ತವೆ. ಬರೆದವನೊಬ್ಬ, ನೋಡಿದವನೊಬ್ಬ, ಮೂರನೆಯವನಿಗೆ ಅದರ ಗಂಧವೂ ತಾಗುವುದಿಲ್ಲ. ಇಷ್ಟೊಂದು ಎಳೆಯ ಕೈಗಳ ಶ್ರಮವು ವರ್ಷವರ್ಷವೂ ಹೀಗೆ ವ್ಯರ್ಥವಾಗಬೇಕೇ ಎಂಬ ಪ್ರಶ್ನೆಯು ಲೋಕದ ಹಲವೆಡೆಯ ಅಧ್ಯಾಪಕರನ್ನು ಕಾಡಿದೆ. ಆ ಪ್ರಶ್ನೆಗೆ ಕೆಲವರು ಕಂಡುಕೊಂಡ ಒಂದು ಉತ್ತರವನ್ನು ಕುರಿತು ವಾಚಕ ಬಂಧುಗಳೊಡನೆ ನಾವು ಇಲ್ಲಿ ಮಾತನಾಡಬಯಸುತ್ತೇವೆ. ಅಂತರಜಾಲದಲ್ಲಿರುವ ‘ವಿಕಿಪೀಡಿಯ’ ಎಂಬ ವಿಶ್ವಕೋಶದ ಲೇಖನಗಳನ್ನು ತಿದ್ದಿ ಬೆಳೆಸುವ ಕೆಲಸವನ್ನೇ ವಿದ್ಯಾರ್ಥಿಗಳಿಗೆ ಪಾಠದ ಅಂಗವಾಗಿ ಕೊಡುವುದು, ಅದಕ್ಕೇ ಅಂಕ ನೀಡುವುದು, ಇದೇ ಆ ಉತ್ತರ.

ವಿಕಿಪೀಡಿಯವನ್ನು ದಿನವೂ ಬಳಸುವವರಲ್ಲಿಯೂ ಅನೇಕರಿಗೆ ಅದನ್ನು ಬರೆಯುವವರು ಯಾರೆಂಬುದು ತಿಳಿಯದು. ಮೊಬೈಲಿನಲ್ಲಿ ಏನನ್ನಾದರೂ ಹುಡುಕಿದೊಡನೆ ಮೊದಲು ಕಾಣಿಸುವ ಆ ಪುಟವನ್ನು ಯಾವುದೋ ಕಂಪನಿಯ ಪಂಡಿತರು ಬರೆದಿರಬೇಕೆಂದು ನಂಬಿದವರುಂಟು. ವಾಸ್ತವವಾಗಿ ಅದು ಸಂಬಳವಿಲ್ಲದ ಸಾರ್ವಜನಿಕರ ಬರವಣಿಗೆ. ೨೦೦೦ದಲ್ಲಿ ಅಮೆರಿಕದ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬವರು ‘ನ್ಯೂಪೀಡಿಯ’ ಎಂಬ ಹೆಸರಿನಿಂದ ವಿದ್ವಾಂಸರೇ ಬರೆದು ವಿದ್ವಾಂಸರೇ ಪರಿಶೀಲಿಸುವ ಕೋಶವನ್ನು ಆರಂಭಿಸಿದ್ದರು. ಏಳು ಹಂತದ ಪರಿಶೀಲನೆಯನ್ನು ದಾಟಿ ಮೊದಲ ವರ್ಷದಲ್ಲಿ ಹೊರಬಂದ ಲೇಖನಗಳು ಇಪ್ಪತ್ತರ ಆಸುಪಾಸು ಮಾತ್ರ. ಬೇಸತ್ತ ಅವರು ೨೦೦೧ರ ಜನವರಿ ೧೫ರಂದು ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಇನ್ನೊಂದನ್ನು ತೆರೆದರು. ಅದೇ ವಿಕಿಪೀಡಿಯ. ‘ವಿಕಿ’ ಎಂದರೆ ಹವಾಯಿ ದ್ವೀಪದವರ ಭಾಷೆಯಲ್ಲಿ ‘ಬೇಗ’ ಎಂದರ್ಥ. ಹೆಸರಿಗೆ ತಕ್ಕಂತೆ ಅದು ಬೆಳೆಯಿತು; ಇಂಗ್ಲಿಷಿನಲ್ಲಿ ೨೦೨೫ರ ಹೊತ್ತಿಗೆ ಲೇಖನಗಳ ಸಂಖ್ಯೆ ೭೦ ಲಕ್ಷವನ್ನು ದಾಟಿತು. ಕನ್ನಡದ ವಿಕಿಪೀಡಿಯ ೨೦೦೩ರಲ್ಲಿ ಹುಟ್ಟಿ ಈಗ ೩೦ ಸಾವಿರಕ್ಕೂ ಮಿಕ್ಕ ಲೇಖನಗಳನ್ನು ಹೊಂದಿದೆ. ತುಳುವಿನದು ೨೦೧೬ರಲ್ಲಿ ಲೋಕಾರ್ಪಣೆಯಾಯಿತು.

ಕೋಶಗಳನ್ನು ಕಟ್ಟುವ ಕೆಲಸ ಕನ್ನಡ ನಾಡಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿ ಆನೆಯ ವೈದ್ಯದಿಂದ ಅಡುಗೆಯವರೆಗೆ ತನಗೆ ತಿಳಿದುದನ್ನೆಲ್ಲ ಅದರಲ್ಲಿ ತುಂಬಿದನು. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯಂತೂ ಕನ್ನಡ ಗದ್ಯದಲ್ಲಿಯೇ ಇರುವ, ಹತ್ತು ಪ್ರಕರಣಗಳ ಶಾಸ್ತ್ರಕೋಶ, ಅದು ಮರಾಠಿಗೂ ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಬರೆದರು. ಮೈಸೂರು ವಿಶ್ವವಿದ್ಯಾನಿಲಯವು ೧೪ ಸಂಪುಟಗಳ ‘ಕನ್ನಡ ವಿಶ್ವಕೋಶ’ವನ್ನು ಹೊರತರಲು ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿಯಿತು. ಇವೆಲ್ಲವುಗಳಲ್ಲಿ ಬರೆಯುವವರು ಪ್ರೌಢರು, ಓದುವವರು ಎಳೆಯರು. ಈಗ ನಾವು ಹೇಳಹೊರಟಿರುವ ಪ್ರಯೋಗದಲ್ಲಿ ಈ ಕ್ರಮವೇ ತಲೆಕೆಳಗು. ಹತ್ತೊಂಬತ್ತು ಇಪ್ಪತ್ತರ ಹರೆಯದ ಮಕ್ಕಳು ಬರೆಯುತ್ತಾರೆ. ಅದನ್ನು ಲೋಕವು ಓದುತ್ತದೆ. ಸಂಪ್ರದಾಯಸ್ಥರಿಗೆ ಇದು ಅಧಿಕಪ್ರಸಂಗವಾಗಿ ತೋರುವುದು ಸಹಜ.

ಕೆನಡಾದ ಒಂದು ತರಗತಿ

೨೦೦೮ರ ಮೊದಲ ತಿಂಗಳುಗಳಲ್ಲಿ ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಬೀಸ್ಲಿ-ಮರ್ರಿ ಎಂಬ ಪ್ರಾಧ್ಯಾಪಕರು ಲ್ಯಾಟಿನ್ ಅಮೆರಿಕದ ಸಾಹಿತ್ಯವನ್ನು ಬೋಧಿಸುತ್ತಿದ್ದರು. ಆ ಪಾಠಕ್ರಮಕ್ಕೆ ಅವರಿಟ್ಟ ಹೆಸರು ವಿಚಿತ್ರವಾದುದು: ‘ಕೊಲೆ, ಹುಚ್ಚು ಮತ್ತು ದೊಂಬಿ’. ಸರ್ವಾಧಿಕಾರಿಗಳ ಕ್ರೌರ್ಯವನ್ನು ಚಿತ್ರಿಸುವ ಕಾದಂಬರಿಗಳೇ ಅಲ್ಲಿ ಪಠ್ಯವಾಗಿದ್ದುದರಿಂದ ಹೆಸರು ಅನ್ವರ್ಥಕವೇ ಆಗಿತ್ತು. ಆ ಕಾದಂಬರಿಗಳನ್ನೂ ಅವುಗಳ ಕರ್ತೃಗಳನ್ನೂ ಕುರಿತು ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಮರ್ಪಕವಾದ ಲೇಖನಗಳಿರಲಿಲ್ಲ. ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ವಿಂಗಡಿಸಿ ಒಂದೊಂದು ಗುಂಪಿಗೆ ಒಂದೊಂದು ಲೇಖನವನ್ನು ವಹಿಸಿದರು. ಅಂಕದ ಕರಾರು ಹೀಗಿತ್ತು: ವಿಕಿಪೀಡಿಯದವರೇ ಪರೀಕ್ಷಿಸಿ ನಿಮ್ಮ ಲೇಖನವನ್ನು ‘ಉತ್ತಮ ಲೇಖನ’ವೆಂದು ಒಪ್ಪಿದರೆ ‘ಎ’ ಶ್ರೇಣಿ, ಅದಕ್ಕೂ ಮೇಲಿನ ‘ವಿಶೇಷ ಲೇಖನ’ದ ಪದವಿ ಸಿಕ್ಕಿದರೆ ‘ಎ’ ಪ್ಲಸ್.

ಈ ಕರಾರಿನ ಬಿಗಿಯನ್ನು ವಾಚಕರು ಗಮನಿಸಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ ವಿಶೇಷ ಲೇಖನವೆನಿಸುವುದು ಸುಮಾರು ಸಾವಿರಕ್ಕೆ ಒಂದು. ಅದಕ್ಕೆ ಪ್ರತಿಯೊಂದು ಹೇಳಿಕೆಗೂ ಆಕರ ಬೇಕು, ಆಕರವು ನಂಬತಕ್ಕದ್ದಾಗಿರಬೇಕು, ಭಾಷೆ ಶುದ್ಧವಾಗಿರಬೇಕು, ಮುಖ್ಯವಾದುದು ಯಾವುದೂ ಬಿಟ್ಟುಹೋಗಿರಬಾರದು. ಪರೀಕ್ಷಿಸುವವರು ಯಾರೋ, ಎಲ್ಲಿರುವರೋ ತಿಳಿಯದು. ಅವರಿಗೆ ವಿದ್ಯಾರ್ಥಿಯ ಹಾಜರಿಯ ಮೇಲೆ ದಾಕ್ಷಿಣ್ಯವಿಲ್ಲ, ಪ್ರಾಧ್ಯಾಪಕರ ಮೇಲೆ ಭಯವಿಲ್ಲ. ‘ಈ ವಾಕ್ಯವನ್ನು ಯಾವ ಗ್ರಂಥದಿಂದ ತೆಗೆದುಕೊಂಡಿರಿ? ಪುಟಸಂಖ್ಯೆ ಯಾವುದು?’ ಎಂದು ಅವರು ಕೇಳುತ್ತಾರೆ. ಉತ್ತರಿಸಬೇಕಾದರೆ ಗ್ರಂಥಾಲಯಕ್ಕೆ ಹೋಗಲೇಬೇಕು. ಅಂತರಜಾಲದಲ್ಲಿ ಬರೆಯಲು ಹೊರಟ ಹುಡುಗರು ಹೀಗೆ ಮುದ್ರಿತ ಗ್ರಂಥಗಳ ಕಪಾಟಿನ ಮುಂದೆ ಬಂದು ನಿಂತದ್ದು ಈ ಪ್ರಯೋಗದ ಒಂದು ಸೊಗಸು.

ಫಲ ನಿರೀಕ್ಷೆಗೆ ಮೀರಿದ್ದಾಗಿತ್ತು. ಕೈಗೆತ್ತಿಕೊಂಡ ಹನ್ನೆರಡರ ಸುಮಾರು ಲೇಖನಗಳಲ್ಲಿ ಮೂರು ವಿಶೇಷ ಲೇಖನಗಳಾದವು, ಎಂಟು ಉತ್ತಮ ಲೇಖನಗಳಾದವು. ಗ್ವಾಟೆಮಾಲಾ ದೇಶದ ನೊಬೆಲ್ ಪುರಸ್ಕೃತ ಮಿಗೆಲ್ ಆಂಖೆಲ್ ಆಸ್ತೂರಿಯಾಸ್ ಬರೆದ ‘ಎಲ್ ಸೆನ್ಯೋರ್ ಪ್ರೆಸಿದೆಂತೆ’ ಎಂಬ ಕಾದಂಬರಿಯ ಲೇಖನ ಆ ಮೂರರಲ್ಲಿ ಒಂದು. ಪೆರು ದೇಶದ ಮಾರಿಯೋ ವರ್ಗಾಸ್ ಯೋಸಾ ಅವರನ್ನು ಕುರಿತದ್ದು ಇನ್ನೊಂದು. ಇವರಿಗೆ ನೊಬೆಲ್ ಬಂದದ್ದು ಎರಡು ವರ್ಷಗಳ ನಂತರ, ೨೦೧೦ರಲ್ಲಿ. ಜಗತ್ತು ಆ ಲೇಖಕರನ್ನು ಹುಡುಕಿ ಬಂದಾಗ ವಿದ್ಯಾರ್ಥಿಗಳು ಕಟ್ಟಿದ ಲೇಖನವೇ ಅಲ್ಲಿ ಸಿದ್ಧವಾಗಿತ್ತು. ವಿದ್ಯಾರ್ಥಿಗಳು ಇದನ್ನು ತಾವೇ ಸಾಧಿಸಿದರೆಂದರೆ ಪೂರ್ಣ ಸತ್ಯವಾಗದು. ವಿಕಿಪೀಡಿಯದ ಕೆಲವು ನುರಿತ ಸಂಪಾದಕರು ಪ್ರಯೋಗದ ಸುದ್ದಿ ತಿಳಿದು ತಾವಾಗಿ ನೆರವಿಗೆ ಬಂದರು. ಹುಡುಗರ ತಪ್ಪುಗಳನ್ನು ಸಾಲುಸಾಲಾಗಿ ತೋರಿಸಿ ತಿದ್ದಿಸಿದರು. ಮುಖ ನೋಡದ ಶಿಷ್ಯರಿಗೆ ಮುಖ ಕಾಣದ ಗುರುಗಳು ತಿಂಗಳುಗಟ್ಟಲೆ ಪಾಠ ಹೇಳಿದ ಈ ಸಂಗತಿ ನಮಗೆ ಅತ್ಯಂತ ಹಿಡಿಸಿತು.

ನಾವು ಮಠದ ಪಾಠಶಾಲೆಯಲ್ಲಿ ಕಲಿತವರು. ಅಲ್ಲಿ ಹೇಳಿದ ಪಾಠವನ್ನು ಮರುದಿನ ಬೆಳಗಿನ ಜಾವ ಒಪ್ಪಿಸಬೇಕಾಗಿತ್ತು. ಒಂದು ಅಕ್ಷರ ತಪ್ಪಿದರೂ ಗುರುಗಳು ಕಣ್ಣು ಮುಚ್ಚಿಕೊಂಡೇ ಅಲ್ಲಿ ತಡೆಯುತ್ತಿದ್ದರು. ಆ ಶಿಕ್ಷಣದ ಗುಣ ದೊಡ್ಡದು. ಆದರೆ ‘ಈ ಮಾತು ನಿನಗೆ ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಅಲ್ಲಿ ಅಪರೂಪವಾಗಿತ್ತು. ಗುರುಮುಖದಿಂದ ಬಂತೆಂಬುದೇ ಸಾಕಾಗಿತ್ತು. ವಿಶ್ವಕೋಶದ ಕೆಲಸವು ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಹಾಗೆಂದು ಹಲವರು ಕೂಡಿ ಒಂದು ಗ್ರಂಥವನ್ನು ತಿದ್ದಿ ಬೆಳೆಸುವುದು ನಮ್ಮ ಪರಂಪರೆಗೆ ಅಪರಿಚಿತವೇನಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿದ ‘ಶೂನ್ಯಸಂಪಾದನೆ’ಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ಮೂವರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರೆಂಬುದನ್ನು ವಾಚಕರಲ್ಲಿ ಹಲವರು ಬಲ್ಲರು. ಯಾರು ಏನನ್ನು ಸೇರಿಸಿದರು, ಏನನ್ನು ಕೈಬಿಟ್ಟರು ಎಂಬುದನ್ನು ತಿಳಿಯಲು ಇಂದಿನ ವಿದ್ವಾಂಸರು ನಾಲ್ಕನ್ನೂ ಎದುರಿಗಿಟ್ಟು ಹೋಲಿಸಬೇಕಾಗಿದೆ. ವಿಕಿಪೀಡಿಯದಲ್ಲಿ ಆ ಕಷ್ಟವಿಲ್ಲ. ಪ್ರತಿಯೊಂದು ಪುಟದ ಮೇಲೆ ‘ಇತಿಹಾಸ’ ಎಂಬ ಗುಂಡಿಯಿದ್ದು, ಅದನ್ನು ಒತ್ತಿದರೆ ಯಾವ ದಿನ, ಯಾವ ಗಳಿಗೆಯಲ್ಲಿ, ಯಾರು, ಯಾವ ಅಕ್ಷರವನ್ನು ಬದಲಿಸಿದರೆಂಬುದು ಕಾಣುತ್ತದೆ. ಅಧ್ಯಾಪಕರಿಗಂತೂ ಇದೊಂದು ವರ. ಗುಂಪಿನಲ್ಲಿ ದುಡಿದವರಾರು, ಹೆಸರು ಮಾತ್ರ ಸೇರಿಸಿದವರಾರು ಎಂಬುದನ್ನು ಮುಚ್ಚಿಡಲು ಸಾಧ್ಯವೇ ಇಲ್ಲ.

ಪುಣೆಯಲ್ಲಿ ಆದುದು

ಕೆನಡಾದ ಯಶಸ್ಸನ್ನಷ್ಟೇ ಹೇಳಿ ನಿಲ್ಲಿಸಿದರೆ ವಾಚಕರಿಗೆ ಅನ್ಯಾಯವಾದೀತು. ೨೦೧೦ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಈ ಕಾರ್ಯವನ್ನು ವಿಕಿಮೀಡಿಯ ಪ್ರತಿಷ್ಠಾನವೇ ಕೈಗೆತ್ತಿಕೊಂಡಿತು. ಮರುವರ್ಷ ಅದನ್ನು ಭಾರತಕ್ಕೆ ತರುವ ಉತ್ಸಾಹದಲ್ಲಿ ಪುಣೆಯ ಕೆಲವು ಕಾಲೇಜುಗಳನ್ನು ಆರಿಸಲಾಯಿತು. ನೂರಾರು ವಿದ್ಯಾರ್ಥಿಗಳು ಒಮ್ಮೆಗೇ ಇಂಗ್ಲಿಷ್ ವಿಕಿಪೀಡಿಯಕ್ಕೆ ಇಳಿದರು. ಕೆಲವೇ ತಿಂಗಳುಗಳಲ್ಲಿ ದೂರುಗಳ ಸುರಿಮಳೆಯಾಯಿತು. ಪಠ್ಯಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ಪುಟಗಟ್ಟಲೆ ಹಾಗೆಯೇ ಎತ್ತಿ ಅಂಟಿಸಿದ ಬರವಣಿಗೆ ಎಲ್ಲೆಡೆ ಕಾಣಿಸಿಕೊಂಡಿತು. ಒಬ್ಬರು ಅಳಿಸಿದರೆ ವಿದ್ಯಾರ್ಥಿಯು ಅದನ್ನೇ ಮತ್ತೆ ತಂದು ಹಾಕುತ್ತಿದ್ದನು. ಅಂಕದ ಗಡುವು ಸಮೀಪಿಸುತ್ತಿತ್ತಲ್ಲ! ಸ್ವಂತ ಕೆಲಸಗಳನ್ನು ಬದಿಗಿಟ್ಟು ಈ ಕಳೆಯನ್ನು ಕೀಳಬೇಕಾದ ಸ್ವಯಂಸೇವಕರು ಸಿಟ್ಟಿಗೆದ್ದರು. ೨೦೧೧ರ ನವೆಂಬರಿನ ಹೊತ್ತಿಗೆ ಆ ಪ್ರಯೋಗವನ್ನು ನಿಲ್ಲಿಸಲಾಯಿತು.

ಇದನ್ನು ಪುಣೆಯ ಹುಡುಗರ ದೋಷವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ನಮಗದು ಒಪ್ಪಿಗೆಯಿಲ್ಲ. ಆ ಮಕ್ಕಳು ಹಿಂದಿನ ಹದಿನೈದು ವರ್ಷ ಶಾಲೆಯಲ್ಲಿ ಕಲಿತದ್ದಾದರೂ ಏನು? ಗೈಡಿನಲ್ಲಿರುವ ಉತ್ತರವನ್ನು ಅಕ್ಷರ ತಪ್ಪದೆ ಬರೆದವನಿಗೆ ಹತ್ತಕ್ಕೆ ಹತ್ತು, ಸ್ವಂತ ಮಾತಿನಲ್ಲಿ ಬರೆದವನಿಗೆ ಆರು. ಅಧ್ಯಾಪಕರು ಓದಿಸಿದ ಟಿಪ್ಪಣಿಯನ್ನು ಹಾಗೆಯೇ ಹಿಂದಿರುಗಿಸುವುದೇ ವಿನಯವೆಂದು ನಾವು ಅವರಿಗೆ ಕಲಿಸಿದ್ದೇವೆ. ಹೀಗಿರುತ್ತ ಒಂದು ದಿನ ಇದ್ದಕ್ಕಿದ್ದಂತೆ ‘ಇದು ಕಳವು, ಇದು ಕಾನೂನಿಗೆ ವಿರುದ್ಧ’ ಎಂದರೆ ಅವರು ದಿಗ್ಭ್ರಮೆಗೊಳ್ಳದಿರುವರೇ? ಕೃತಿಸ್ವಾಮ್ಯವೆಂದರೇನು, ಇನ್ನೊಬ್ಬರ ವಿಚಾರವನ್ನು ಬಳಸುವುದಕ್ಕೂ ಇನ್ನೊಬ್ಬರ ವಾಕ್ಯವನ್ನು ಎತ್ತುವುದಕ್ಕೂ ಇರುವ ಅಂತರವೇನು ಎಂಬುದನ್ನು ಒಂದೆರಡು ಗಂಟೆಯ ಉಪನ್ಯಾಸದಲ್ಲಿ ತಿಳಿಸಲು ಬರುವುದಿಲ್ಲ. ಜೊತೆಗೆ, ಅಷ್ಟು ವಿದ್ಯಾರ್ಥಿಗಳ ಬೆನ್ನಿಗೆ ನಿಂತು ತಿದ್ದಬಲ್ಲ ಅನುಭವಿಗಳ ಸಂಖ್ಯೆ ತೀರ ಕಡಿಮೆಯಿತ್ತು. ಅನೇಕರಿಗೆ ಇಂಗ್ಲಿಷಿನಲ್ಲಿ ಒಂದು ಪುಟವನ್ನು ಸ್ವಂತವಾಗಿ ಬರೆಯುವ ಶಕ್ತಿಯೂ ಇರಲಿಲ್ಲ. ಬರೆಯಲಾರದವನು ನಕಲು ಮಾಡುತ್ತಾನೆ. ಅವರಿಗೆ ಮರಾಠಿಯಲ್ಲಿ ಬರೆಯಲು ಹೇಳಿದ್ದರೆ ಏನಾಗುತ್ತಿತ್ತೋ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ.

ತಾಳೆಯ ಗರಿಗಳ ಕಾಲದಲ್ಲಿ ಪ್ರತಿ ಮಾಡುವುದೇ ಪುಣ್ಯಕಾರ್ಯವಾಗಿತ್ತಲ್ಲವೇ ಎಂದು ಒಬ್ಬ ಹಿರಿಯರು ನಮ್ಮನ್ನು ಕೇಳಿದ್ದುಂಟು. ನಿಜ, ಆದರೆ ಓಲೆ ಬರೆದ ಲಿಪಿಕಾರನು ಗ್ರಂಥದ ಕೊನೆಯಲ್ಲಿ ಮೂಲ ಕವಿಯ ಹೆಸರನ್ನು ಅಳಿಸಿ ತನ್ನ ಹೆಸರನ್ನು ಹಾಕಿಕೊಳ್ಳುತ್ತಿರಲಿಲ್ಲ.

ಕನ್ನಡದಲ್ಲಿ ಏನು ನಡೆದಿದೆ

ಕನ್ನಡ ವಿಕಿಪೀಡಿಯದ ಸಮಸ್ಯೆ ಬೇರೆಯದು. ಇಲ್ಲಿ ಲೇಖನಗಳ ಕೊರತೆಗಿಂತ ಲೇಖನಗಳ ಸೊರಗುವಿಕೆ ಹೆಚ್ಚು. ನಾಲ್ಕು ಸಾಲು ಬರೆದು ಬಿಟ್ಟ ಪುಟಗಳು ಹೇರಳವಾಗಿದ್ದು ಅವನ್ನು ‘ಚುಟುಕು’ಗಳೆಂದು ಕರೆಯುತ್ತಾರೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವರ್ಗವೂ ಇದೆ. ೨೦೦೯ರಿಂದ ಒಂದೆರಡು ವರ್ಷ ಗೂಗಲ್ ಸಂಸ್ಥೆಯು ತನ್ನ ಅನುವಾದ ಸಲಕರಣೆಯನ್ನು ಬಳಸಿ, ಕೂಲಿ ಕೊಟ್ಟು, ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಿಗೆ ತರಿಸಿತು. ಅವು ಉದ್ದವಾದ, ಅಡಿಟಿಪ್ಪಣಿಗಳಿಂದ ತುಂಬಿದ, ನೋಡಲು ಗಂಭೀರವಾದ ಲೇಖನಗಳು. ಆದರೆ ಓದತೊಡಗಿದರೆ ಎರಡನೆಯ ಸಾಲಿಗೇ ಉಸಿರು ಕಟ್ಟುತ್ತದೆ. ಪದಗಳು ಕನ್ನಡದವು, ವಾಕ್ಯದ ಎಲುಬುಗೂಡು ಇಂಗ್ಲಿಷಿನದು. ಕರ್ತೃವೆಲ್ಲಿ ಕ್ರಿಯೆಯೆಲ್ಲಿ ಎಂದು ಹುಡುಕಬೇಕು. ಅಂಥದೊಂದನ್ನು ಗಟ್ಟಿಯಾಗಿ ಓದಿಸಿ ಕೇಳಿದಾಗ ನಮಗೆ ನಗುವೂ ಬಂತು, ಸಂಕಟವೂ ಆಯಿತು. ಬಂಗಾಳಿ ವಿಕಿಪೀಡಿಯದವರು ಇಂಥವನ್ನು ನಿಷ್ಠುರವಾಗಿ ನಿರಾಕರಿಸಿದರು. ಕನ್ನಡದವರು ಉಳಿಸಿಕೊಂಡು ತಿದ್ದುತ್ತ ಬಂದಿದ್ದಾರೆ.

ನಮ್ಮ ಅಭಿಪ್ರಾಯದಲ್ಲಿ ಕನ್ನಡ ಐಚ್ಛಿಕವನ್ನು ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಇಂಥ ಒಂದು ಲೇಖನದ ಎರಡು ಪುಟಗಳನ್ನು ಕೈಗೆ ಕೊಟ್ಟು, ‘ನಿಮ್ಮ ಅಜ್ಜಿಗೆ ಅರ್ಥವಾಗುವಂತೆ ಇದನ್ನು ಬರೆಯಿರಿ’ ಎಂದು ಹೇಳಬೇಕು. ವ್ಯಾಕರಣದ ಕಾರಕ, ವಿಭಕ್ತಿ, ಕರ್ಮಣಿ ಪ್ರಯೋಗಗಳೆಲ್ಲ ಆಗ ತಾವಾಗಿ ಬಾಯಿ ತೆರೆಯುತ್ತವೆ.

ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯವು ೨೦೧೩ರಿಂದ ಭಾರತೀಯ ಭಾಷೆಗಳನ್ನು ಓದುವ ಪದವಿ ವಿದ್ಯಾರ್ಥಿಗಳಿಗೆ ವಿಕಿಪೀಡಿಯದ ಬರವಣಿಗೆಯನ್ನು ಪಾಠದ ಅಂಗವಾಗಿ ಕೊಡತೊಡಗಿತು. ಕರಾವಳಿಯಲ್ಲಿ ಮಂಗಳೂರಿನ ಸಂತ ಅಲೋಶಿಯಸ್, ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ವಿಕಿಪೀಡಿಯ ಸಂಘಗಳು ಹುಟ್ಟಿಕೊಂಡವು. ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಸಂಪುಟಗಳನ್ನು ಯಾರು ಬೇಕಾದರೂ ಬಳಸಲು ಅನುಕೂಲವಾಗುವ ಮುಕ್ತ ಪರವಾನಗಿಯಡಿ ೨೦೧೪ರಲ್ಲಿ ಬಿಟ್ಟುಕೊಟ್ಟದ್ದು ದೊಡ್ಡ ಉಪಕಾರ. ವಿಕಿಪೀಡಿಯದ ಕನ್ನಡ ಬಳಗದವರು ಸೇರಿ ಚರ್ಚಿಸುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿದೆ. ಈ ಹೆಸರನ್ನು ಇಟ್ಟವರು ಯಾರೇ ಆಗಿರಲಿ, ಅವರಿಗೆ ನಮ್ಮ ಶರಣು.

ಕೆಲವು ಕಾಲದ ಹಿಂದೆ ಒಂದು ಪದವಿ ಕಾಲೇಜಿನವರು ಇಂಥದೊಂದು ತರಗತಿಯನ್ನು ನೋಡಲು ನಮ್ಮನ್ನು ಕರೆದೊಯ್ದಿದ್ದರು. ಎರಡನೆಯ ವರ್ಷದ ಒಬ್ಬ ಹೆಣ್ಣುಮಗಳು ತನ್ನ ಊರಿನ ಪುಟವನ್ನು ಬೆಳೆಸುತ್ತಿದ್ದಳು. ಮೊದಲು ಅದರಲ್ಲಿದ್ದುದು ತಾಲ್ಲೂಕಿನ ಹೆಸರು, ಜನಸಂಖ್ಯೆ ಇಷ್ಟೇ. ಆಕೆಯು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ತನ್ನೂರಿನ ಶಾಸನವನ್ನು ಹುಡುಕಿ ತೆಗೆದು, ಅದರ ಸಂಖ್ಯೆಯ ಸಮೇತ ಸೇರಿಸಿದ್ದಳು. ಜಿಲ್ಲಾ ಗೆಜೆಟಿಯರಿನಿಂದ ಕೆರೆಯ ವಿಸ್ತಾರವನ್ನು ತೆಗೆದುಕೊಂಡಿದ್ದಳು. ಇಷ್ಟಾದ ಮೇಲೆ ಆಕೆಗೆ ಕಷ್ಟ ಎದುರಾಯಿತು. ಊರಿನ ಕಲ್ಯಾಣಿಗೆ ಇರುವ ಹೆಸರಿನ ಹಿನ್ನೆಲೆಯನ್ನೂ ಬರಗಾಲದ ವರ್ಷ ಅದನ್ನು ಹೆಂಗಸರೇ ಹೂಳೆತ್ತಿದ ಕಥೆಯನ್ನೂ ಆಕೆಯ ಅಜ್ಜಿ ಬಲ್ಲರು. ಅಜ್ಜಿಯ ಮಾತನ್ನು ಬರೆದು ‘ನಮ್ಮ ಅಜ್ಜಿ ಹೇಳಿದ್ದು’ ಎಂದು ಆಕರ ಕೊಟ್ಟಿದ್ದಳು. ಮೂರನೆಯ ದಿನ ಯಾರೋ ಅದನ್ನು ಅಳಿಸಿದ್ದರು. ‘ಪ್ರಕಟಿತ ಆಕರ ಬೇಕು’ ಎಂಬ ಒಂದು ಸಾಲು ಚರ್ಚೆಯ ಪುಟದಲ್ಲಿತ್ತು. ‘ಬ್ರಿಟಿಷರ ಕಾಲದ ಅಧಿಕಾರಿ ಬರೆದದ್ದು ಆಗುತ್ತದೆ, ನಮ್ಮಜ್ಜಿ ಕಣ್ಣಾರೆ ಕಂಡದ್ದು ಆಗುವುದಿಲ್ಲವೇ ಸ್ವಾಮಿ?’ ಎಂದು ಆಕೆ ನಮ್ಮನ್ನು ಕೇಳಿದಳು. ಅಲ್ಲಿದ್ದ ಅಧ್ಯಾಪಕರು ಸುಮ್ಮನಾದರು.

ಆ ಮಗುವಿನ ಪ್ರಶ್ನೆ ಹಗುರವಾದುದಲ್ಲ. ಲೋಕದಲ್ಲಿ ಮುದ್ರಣವಾಗಿರುವುದೆಲ್ಲವೂ ತಿಳಿವಳಿಕೆಯ ಒಂದು ಭಾಗ ಮಾತ್ರ. ಅದರಲ್ಲಿಯೂ ನಮ್ಮ ದೇಶದಲ್ಲಿ ಬಿತ್ತನೆಯ ಹದ, ಬಾಣಂತಿಯ ಪಥ್ಯ, ಹಬ್ಬದ ಕ್ರಮ, ಕುಶಲಕರ್ಮಿಗಳ ಕೈಚಳಕ ಇವುಗಳಲ್ಲಿ ಪುಸ್ತಕಕ್ಕೆ ಹತ್ತಿದ್ದು ಎಷ್ಟು? ಬೆಂಗಳೂರಿನ ಅಚಲ್ ಪ್ರಭಾಲ ಎಂಬವರು ಇದೇ ಪ್ರಶ್ನೆಯನ್ನು ಹಿಡಿದು ೨೦೧೧ರಲ್ಲಿ ಒಂದು ಪ್ರಯೋಗವನ್ನೇ ನಡೆಸಿದರು. ಕೇರಳ, ಹರಿಯಾಣ ಮತ್ತು ದಕ್ಷಿಣ ಆಫ್ರಿಕದ ಹಳ್ಳಿಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ, ಆ ಧ್ವನಿಯನ್ನೇ ಆಕರವನ್ನಾಗಿಟ್ಟು ಮಲಯಾಳ, ಹಿಂದಿ, ಸೆಪೆಡಿ ಭಾಷೆಗಳಲ್ಲಿ ಲೇಖನಗಳನ್ನು ಬರೆಸಿದರು; ಮಕ್ಕಳ ಆಟ, ಮನೆಯ ಪಾನೀಯ, ತೆಯ್ಯಂ ಇವೇ ವಿಷಯಗಳು. ಇದರ ಮೇಲೆ ತೆಗೆದ ಚಿತ್ರಕ್ಕೆ ಜನರೇ ಜ್ಞಾನವೆಂಬ ಅರ್ಥದ ಹೆಸರನ್ನಿಟ್ಟರು. ಇಂಗ್ಲಿಷ್ ವಿಕಿಪೀಡಿಯದ ಬಹುಮಂದಿ ಇದನ್ನು ಒಪ್ಪಲಿಲ್ಲ. ಅವರ ಅಂಜಿಕೆಗೂ ಕಾರಣವಿದೆ: ಇಂದು ಅಜ್ಜಿಯ ಮಾತನ್ನು ಒಪ್ಪಿದರೆ ನಾಳೆ ತನ್ನ ಮನೆತನಕ್ಕೆ ತಾಮ್ರಶಾಸನವಿತ್ತೆಂದು ಹೇಳುವ ಅಜ್ಜನೂ ಬಂದಾನು.

ನಾವು ಆ ಹೆಣ್ಣುಮಗಳಿಗೆ ಒಂದು ದಾರಿ ಸೂಚಿಸಿದೆವು. ಅಜ್ಜಿಯ ಮಾತನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ಊರಿನ ಇನ್ನೂ ನಾಲ್ವರು ಹಿರಿಯರನ್ನು ಕೇಳಿ ತಾಳೆ ನೋಡಿ, ಜಿಲ್ಲೆಯ ಒಂದು ಪತ್ರಿಕೆಗೆ ಲೇಖನವಾಗಿ ಕಳಿಸು. ಅಲ್ಲಿ ಅದು ಅಚ್ಚಾದ ಮೇಲೆ ವಿಶ್ವಕೋಶದ ಬಾಗಿಲು ತಾನೇ ತೆರೆಯುತ್ತದೆ ಎಂದೆವು. ಸುತ್ತುದಾರಿ ನಿಜ. ಆದರೆ ಅಜ್ಜಿಯಿದ್ದಾಗಲೇ ನಡೆಯಬೇಕಾದ ದಾರಿ.

ಭಕ್ತರಿಗೆ ನೋವಾಗುವ ಒಂದು ವಿಷಯ

ನಮ್ಮ ಮನೆತನಗಳಿಗೆ ನೇರವಾಗಿ ತಾಗುವ ಇನ್ನೊಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಮಠಗಳನ್ನೂ ಸ್ವಾಮಿಗಳನ್ನೂ ಶರಣರನ್ನೂ ಕುರಿತ ಪುಟಗಳನ್ನು ಬರೆಯಲು ನಮ್ಮ ಮಕ್ಕಳು ಉತ್ಸಾಹದಿಂದ ಮುಂದೆ ಬರುತ್ತಾರೆ. ‘ಪರಮಪೂಜ್ಯ’, ‘ನಡೆದಾಡುವ ದೇವರು’, ‘ಜಗದ್ವಂದ್ಯ’ ಎಂದು ಆರಂಭಿಸುತ್ತಾರೆ. ಮರುದಿನ ಆ ವಿಶೇಷಣಗಳೆಲ್ಲ ಹೋಗಿ ಹೆಸರು ಮಾತ್ರ ಉಳಿದಿರುತ್ತದೆ. ಮನೆಯ ಹಿರಿಯರು ನೋಡಿ, ‘ಇದು ನಮ್ಮ ಗುರುಗಳಿಗೆ ಮಾಡಿದ ಅಪಮಾನ’ ಎಂದು ನೊಂದುಕೊಳ್ಳುತ್ತಾರೆ. ನಮಗೂ ಅಂಥ ಪತ್ರಗಳು ಬಂದಿವೆ.

ವಿಶ್ವಕೋಶದ ಕಟ್ಟಳೆ ಎಲ್ಲರಿಗೂ ಒಂದೇ. ಅಲ್ಲಿ ಪೋಪರಿಗೂ ವಿಜ್ಞಾನಿಗೂ ಚಿತ್ರನಟನಿಗೂ ಹೊಗಳಿಕೆಯ ಮಾತಿಲ್ಲ. ಅವರು ಏನು ಮಾಡಿದರು, ಎಂದು ಮಾಡಿದರು, ಅದನ್ನು ಯಾರು ದಾಖಲಿಸಿದ್ದಾರೆ ಎಂಬುದಷ್ಟೇ ಅಲ್ಲಿ ಬೇಕು. ರಾ. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯನ್ನು ತೆರೆದು ನೋಡಿರಿ. ಜೈನ ಕವಿಯಾಗಲಿ ವೀರಶೈವ ಕವಿಯಾಗಲಿ ಬ್ರಾಹ್ಮಣ ಕವಿಯಾಗಲಿ, ಎಲ್ಲರೂ ಅಲ್ಲಿ ‘ಈತನು’ ಎಂದೇ ಬರುತ್ತಾರೆ. ಅದರಿಂದ ಯಾವ ಕವಿಯ ಗೌರವ ಕುಂದಿದೆ? ‘ಸಾವಿರಾರು ಬಡಮಕ್ಕಳಿಗೆ ವಿದ್ಯಾದಾನ ಮಾಡಿದ ಮಹಾಮಹಿಮರು’ ಎಂಬ ವಾಕ್ಯಕ್ಕಿಂತ, ಇಂಥ ವರ್ಷ ಇಷ್ಟು ಮಕ್ಕಳಿಂದ ಉಚಿತ ಪ್ರಸಾದನಿಲಯ ಆರಂಭವಾಯಿತು, ಇಂಥ ವರ್ಷದಲ್ಲಿ ಇಷ್ಟು ಮಕ್ಕಳಿದ್ದರು ಎಂಬ ಆಧಾರಸಹಿತವಾದ ಎರಡು ಸಾಲು ಪರಸ್ಥಳದ ಓದುಗನಿಗೆ ಹೆಚ್ಚು ಮುಟ್ಟುತ್ತದೆ. ಹನ್ನೆರಡನೆಯ ಶತಮಾನದ ಶರಣರ ಕಾಲ, ಜನ್ಮಸ್ಥಳ, ಐಕ್ಯಸ್ಥಳಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವಲ್ಲಿ ತನಗೆ ಪ್ರಿಯವಾದುದನ್ನು ಮಾತ್ರ ಬರೆಯದೆ ಎರಡು ಮತಗಳನ್ನೂ ಅವರವರ ಹೆಸರಿನೊಡನೆ ಕೊಡುವುದನ್ನು ಇಪ್ಪತ್ತರ ಹುಡುಗನು ಕಲಿತನೆಂದರೆ ಅವನಿಗೆ ಬೇರೆ ತರ್ಕಶಾಸ್ತ್ರ ಬೇಕಿಲ್ಲ. ಹೊಗಳಿಕೆಗೆ ನಮ್ಮ ಮಾಸಪತ್ರಿಕೆಗಳಿವೆ, ಅಭಿನಂದನ ಗ್ರಂಥಗಳಿವೆ. ಅಲ್ಲಿ ಮನಸಾರೆ ಬರೆಯೋಣ.

ಯಾರು ಬೇಕಾದರೂ ತಿದ್ದಬಹುದಾದ ಕೋಶವನ್ನು ನಂಬುವುದೆಂತು ಎಂಬ ಶಂಕೆ ಹಲವರದು. ೨೦೦೫ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗನ್‌ಥಾಲರ್ ಅವರ ಪುಟದಲ್ಲಿ, ಅಧ್ಯಕ್ಷ ಕೆನಡಿಯ ಕೊಲೆಯಲ್ಲಿ ಅವರ ಮೇಲೆ ಶಂಕೆಯಿತ್ತೆಂಬ ಕೇವಲ ಸುಳ್ಳನ್ನು ಯಾರೋ ಬರೆದು, ಅದು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಅದೇ ವರ್ಷದ ಕೊನೆಗೆ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯು ೪೨ ವಿಜ್ಞಾನ ಲೇಖನಗಳನ್ನು ತಜ್ಞರಿಂದ ಪರೀಕ್ಷಿಸಿದಾಗ ವಿಕಿಪೀಡಿಯದ ಒಂದು ಲೇಖನದಲ್ಲಿ ಸರಾಸರಿ ನಾಲ್ಕು ತಪ್ಪುಗಳೂ ಬ್ರಿಟಾನಿಕಾದಲ್ಲಿ ಮೂರೂ ಕಂಡವು. ಬ್ರಿಟಾನಿಕಾದವರು ಆ ಲೆಕ್ಕವನ್ನು ಒಪ್ಪಲಿಲ್ಲ. ವಿಕಿಪೀಡಿಯವನ್ನು ಆಕರವಾಗಿ ಉಲ್ಲೇಖಿಸಬಾರದೆಂದು ಅಧ್ಯಾಪಕರು ಹೇಳುವುದು ಸರಿಯೇ. ಆದರೆ ಒಂದು ಲೇಖನವನ್ನು ಸ್ವತಃ ಕಟ್ಟಿದ ವಿದ್ಯಾರ್ಥಿಗೆ ಅದನ್ನು ಎಷ್ಟು ನಂಬಬೇಕು, ಎಲ್ಲಿ ನಂಬಬಾರದು ಎಂಬುದು ಯಾರೂ ಹೇಳದೆಯೇ ತಿಳಿದಿರುತ್ತದೆ.

ಈಚಿನ ದಿನಗಳಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ೨೦೨೨ರ ಕೊನೆಯಿಂದ, ಕೇಳಿದ ವಿಷಯದ ಮೇಲೆ ಕ್ಷಣದಲ್ಲಿ ಪುಟಗಟ್ಟಲೆ ಬರೆದುಕೊಡುವ ಯಂತ್ರಗಳು ಮಕ್ಕಳ ಕೈಯಲ್ಲಿವೆ. ಅವು ಕೊಡುವ ಅಡಿಟಿಪ್ಪಣಿಗಳಲ್ಲಿ ಹುಟ್ಟಿಯೇ ಇಲ್ಲದ ಗ್ರಂಥಗಳ ಹೆಸರೂ ಇರುವುದುಂಟು. ಯಾರೂ ಪರಿಶೀಲಿಸದ ಇಂಥ ಯಂತ್ರಬರಹವನ್ನು ಚರ್ಚೆಯಿಲ್ಲದೆ ಬೇಗನೆ ಅಳಿಸಲು ಇಂಗ್ಲಿಷ್ ವಿಕಿಪೀಡಿಯದವರು ೨೦೨೫ರಲ್ಲಿ ನಿಯಮ ಮಾಡಿಕೊಂಡರು. ಪುಣೆಯ ನಕಲನ್ನು ಹಿಡಿಯಬಹುದಿತ್ತು, ಮೂಲಗ್ರಂಥ ಸಿಗುತ್ತಿತ್ತು. ಇದಕ್ಕೆ ಮೂಲವೇ ಇಲ್ಲ. ಆದ್ದರಿಂದ ಅಧ್ಯಾಪಕರು ಈಗ ಲೇಖನವನ್ನು ನೋಡುವ ಮೊದಲು ಪುಸ್ತಕವನ್ನು ನೋಡಬೇಕು. ‘ನೀನು ಉಲ್ಲೇಖಿಸಿದ ಪುಸ್ತಕವನ್ನು ತರಗತಿಗೆ ತಾ, ಆ ಪುಟವನ್ನು ತೆರೆದು ಓದು’ ಎಂದರೆ ಸಾಕು.

ಈ ವಿಷಯದಲ್ಲಿ ಮನೆಯವರಿಗೂ ಮಾಡಲು ಕೆಲಸವುಂಟು. ನಮ್ಮ ಅನೇಕ ಮನೆಗಳ ಅಟ್ಟದ ಮೇಲೆ ಹಳೆಯ ಜಾತ್ರೆಗಳ ಸ್ಮರಣ ಸಂಚಿಕೆಗಳು, ಸಹಕಾರಿ ಸಂಘಗಳ ವರದಿಗಳು, ವಿದ್ಯಾಸಂಸ್ಥೆಗಳ ಬೆಳ್ಳಿಹಬ್ಬದ ಗ್ರಂಥಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಅವೇ ನಾಳಿನ ಅಡಿಟಿಪ್ಪಣಿಗಳು. ಅವನ್ನು ಇಳಿಸಿ, ಧೂಳು ಕೊಡವಿ, ಕಾಲೇಜಿನ ಗ್ರಂಥಾಲಯಕ್ಕೆ ಒಂದು ಪ್ರತಿ ಮುಟ್ಟಿಸಬೇಕು. ಊರಿನ ಗುಡಿ, ಬಾವಿ, ವೀರಗಲ್ಲುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದ ಮಕ್ಕಳು ಅವನ್ನು ವಿಶ್ವಕೋಶಕ್ಕೆ ಕೊಡುವಾಗ ತಾವೇ ತೆಗೆದುದಾಗಿರಬೇಕು, ಬೇರೆಯವರದನ್ನು ಎತ್ತಿರಬಾರದು.

ಅಧ್ಯಾಪಕ ಬಂಧುಗಳಲ್ಲಿ ಒಂದು ಅರಿಕೆ. ಅರುವತ್ತು ಮಂದಿಯ ತರಗತಿಗೆ ಅರುವತ್ತು ಹೊಸ ಲೇಖನಗಳನ್ನು ಬರೆಸುವ ಆಸೆ ಬೇಡ. ಈಗಾಗಲೇ ಇರುವ ಹತ್ತು ಚುಟುಕುಗಳನ್ನು ಆರಿಸಿ, ಆರಾರು ಮಂದಿಗೆ ಒಂದರಂತೆ ಕೊಟ್ಟರೆ ಸಾಕು. ಮೊದಲ ತಿಂಗಳು ‘ಸಂಪಾದಿಸಿ’ ಎಂಬ ಗುಂಡಿಯನ್ನು ಯಾರೂ ಮುಟ್ಟದೆ ಆಕರಗಳನ್ನು ಮಾತ್ರ ಕೂಡಿಸಲಿ. ಬರೆಯುವುದನ್ನು ಪ್ರಯೋಗಪುಟದಲ್ಲಿ ಬರೆದು ಪರಸ್ಪರ ತಿದ್ದಿಕೊಳ್ಳಲಿ. ಸೆಮಿಸ್ಟರಿನ ಪರೀಕ್ಷೆಗೆ ಕನಿಷ್ಠ ಆರು ವಾರ ಮೊದಲೇ ಲೇಖನ ಹೊರಗೆ ಹೋಗಬೇ​ಕು. ಏಕೆಂದರೆ ಅಪರಿಚಿತರು ಬಂದು ತಿದ್ದುವುದು, ಪ್ರಶ್ನೆ ಕೇಳುವುದು, ಅಳಿಸುವುದು ಅನಂತರವೇ. ಆ ಪ್ರಶ್ನೆಗಳಿಗೆ ಚರ್ಚೆಯ ಪುಟದಲ್ಲಿ ವಿದ್ಯಾರ್ಥಿಯು ಹೇಗೆ ಉತ್ತರಿಸಿದನೆಂಬುದಕ್ಕೆ ಅರ್ಧದಷ್ಟಾದರೂ ಅಂಕಗಳನ್ನು ಮೀಸಲಿಡಬೇಕೆಂಬುದು ನಮ್ಮ ಸಲಹೆ.